ಕರಪತ್ರದ ಮೇಲೆ ನಿನ್ನ ಫೋಟೋ

ಹಾಂ, ಭಾಲ್ಕಿ ಪುರಸಭೆಗೆ ನಿಂತಿದ್ದೇನೆ ಎಂದು ನಿನ್ನೆ ಈ ಡೈರಿಯಲ್ಲಿ ಬರೆದೆನಲ್ಲ ಸುಭದ್ರಾ, ಇವತ್ತು ಮನೆಮನೆಗೆ ಹೋಗಿ ಮತ ಕೇಳಿದೆ. ಮೊದಲ ಬಾಗಿಲಲ್ಲೇ "ರೆಸ್ಪೆಕ್ಟೆಡ್ ವೋಟರ್ಸ್, ಐ ಬೆಗ್ ಟು..." ಎಂದು ಕಾಲೇಜಿನ ಇಂಗ್ಲಿಷ್ ಶುರು ಮಾಡಿ ಮುಂದಿನದು ಮರೆತೆ.

"ಯಾರ್ರೀ ನೀವು?" ಎಂದಳು ಮನೆಯಾಕೆ ಮಹಾಮಾಯಾ.

ಕರಪತ್ರ ಕೊಟ್ಟು ನನ್ನ ಹೆಸರು ಹೇಳಿದರೂ ಗುರುತು ಸಿಗಲಿಲ್ಲ. ನಿನ್ನ ಹೆಸರು ಹೇಳಿದೆ.

"ಅಯ್ಯ, ಸುಭದ್ರಾಬಾಯಿ ಮನಿಯವರೇನ್ರಿ! ನನ್ನ ಮೂರೂ ಕೂಸುಗೋಳಿಗಿ ಎಣ್ಣಿ ಹಚ್ಚಿ ನೀರು ಹಾಕ್ಯಾರ್ರಿ. ಮೂರೂ ಈಗ ಓಟು ಹಾಕ್ತಾವ. ಕಾಗದದ ಮ್ಯಾಲ ನಿಮ್ಮ ಫೋಟೋ ಯಾಕ್ರಿ? ಸುಭದ್ರಾಬಾಯಿದು ಹಾಕ್ರಿ!"

ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಒಳಗೆ ಕರೆದು ಚಹಾ ಕೊಟ್ಟಳು. ಮುಂಜಾನೆ ನೀನು ಎಲ್ಲಿಗೆ ಹೋಗುತ್ತೀ ಎಂದು ನಾನು ಕೇಳಿದವನಲ್ಲ. ಚಹಾ ತಡವಾಯಿತು ಎಂದಷ್ಟೇ ಅಂದವನು. ನೀನು ತೀರಿಕೊಂಡು ಎರಡು ವರ್ಷವಾದರೂ ಬಾಗಿಲು ತೆರೆಸುವವಳು ನೀನೇ. ಥ್ಯಾಂಕ್ ಯೂ ಸುಭದ್ರಾ. ನಾಳೆ ನಿನ್ನ ಹೆಸರನ್ನೇ ಮೊದಲು ಹೇಳುತ್ತೇನೆ. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.