ಕರೆಂಟ್ ಹೋದ ಭಾನುವಾರ

ಹಿರಿಯೂರು
ಗುರುವಾರ, ೧೧ ಜುಲೈ ೨೦೨೪

ಪ್ರೀತಿಯ ಸಲೋಮಿ,

ಅತ್ತೆಯವರ ಸೊಂಟ ಈಗ ಹೇಗಿದೆ? ವಾಕರ್ ಹಿಡಿದು ಹಿತ್ತಿಲ ಬಾಗಿಲವರೆಗೆ ನಡೆದರು ಎಂದು ನೀನು ಮೊನ್ನೆ ಹೇಳಿದಾಗ ಸಮಾಧಾನವಾಯಿತು. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನಿನ ಮೇಲೂ ಗಮನವಿರಲಿ. ಶ್ರೀರಾಂಪುರದಲ್ಲಿ ಗಾಳಿ ಜೋರು ಎಂದಿದ್ದೆ. ಇಲ್ಲಿ ಮೋಡ ಬರುತ್ತದೆ, ನಿಲ್ಲುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮುದ್ದೆ ಗಂಟಾಗುವುದು ಕಡಿಮೆಯಾಗಿದೆ. ಅಂಗಡಿಗೆ ಸುಟ್ಟ ಬೋರ್‌ವೆಲ್ ಮೋಟಾರುಗಳು ಒಂದರ ಹಿಂದೊಂದು ಬಂದು ಕೂತಿವೆ. ದಿನವಿಡೀ ವೈಂಡಿಂಗ್ ಮಾಡಿ ಬಂದರೆ ವಾರ್ನಿಷ್ ವಾಸನೆ ಅಂಗಿ ಬಿಡುವುದಿಲ್ಲ. ನೀನಿದ್ದಿದ್ದರೆ ಅಂಗಿಯನ್ನು ಹೊಸ್ತಿಲಾಚೆಯೇ ಬಿಚ್ಚಿಸುತ್ತಿದ್ದೆ.

ದಿನಾ ಸಂಜೆ ಫೋನಿನಲ್ಲಿ ಮಾತಾಡುವವರು ಈಗ ಕಾಗದ ಯಾಕೆ ಬರೆದರು ಎಂದು ನಿನಗೆ ಅನ್ನಿಸುತ್ತದೆ. "ಬೇರೆ ದೇಶದ ಕಾದಂಬರಿ ಓದೀ ಓದೀ ನಿಮಗೆ ಬಾಯಾಗಿನ ಮಾತೂ ಕಾಗದದಾಗೇ ಬರ್ತಾವೆ" ಎಂದು ನೀನೇ ನಗುತ್ತಿದ್ದೆ. ಕಾರಣ ಅದಲ್ಲ. ಫೋನಿನಲ್ಲಿ ನೀನು ಒಂದು ಸಲ "ಬ್ಯಾಡ ರೀ" ಅಂದರೆ ನಾನು ಅಲ್ಲಿಗೇ ಸುಮ್ಮನಾಗಿಬಿಡುತ್ತೇನೆ. ಇದನ್ನು ಕೊನೆಯವರೆಗೆ ಹೇಳಬೇಕಾಗಿದೆ. ಎದುರು ಮನೆಯ ನಿರಂಜನ್ ನಾಳೆ ಹೊಸದುರ್ಗಕ್ಕೆ ಹೊರಟಿದ್ದಾನೆ. ಅಲ್ಲಿಂದ ನಿಮ್ಮೂರಿಗೂ ಬಂದು ಇದನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಊಟ ಮಾಡಿಸಿ ಕಳಿಸು. ಅವನಿಗೆ ಇದರೊಳಗೆ ಏನಿದೆ ಎಂದು ಗೊತ್ತಿಲ್ಲ.

ಹೋದ ಭಾನುವಾರ ದೇವಾಲಯದಲ್ಲಿ ಹಾಡಿನ ನಡುವೆ ಫೋನು ಯಾಕೆ ಕಟ್ಟಾಯಿತು ಎಂದು ನೀನು ಕೇಳಿದ್ದೆ. ಕರೆಂಟ್ ಹೋಯಿತು ಎಂದಷ್ಟೇ ನಾನು ಹೇಳಿದೆ. ಕರೆಂಟ್ ಹೋಗಿದ್ದು ನಿಜ. ಆದರೆ ಫೋನು ತಾನಾಗಿ ಕಟ್ಟಾಗಲಿಲ್ಲ ಸಲೋಮಿ, ನಾನೇ ಕಟ್ ಮಾಡಿದೆ. ಆಗ ನಮ್ಮ ಸಭೆಯಲ್ಲಿದ್ದ ಮೌನ ನಿನಗೆ ಕೇಳಿಸಬಾರದು ಅನ್ನಿಸಿತು.

ಆದದ್ದು ಹೀಗೆ. ಕಾಣಿಕೆ ಎತ್ತಿ ಮುಗಿಯಿತು. ಕರ್ತನ ಭೋಜನಕ್ಕೆ ಮುಂಚೆ ಪಾಸ್ಟರ್ ಸುಂದರರಾಜ್ ಎಂದಿನಂತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿ, ನಿನಗೆ ಕೇಳಲಿ ಎಂದು ಇನ್ನೊಂದು ಕೈಯಲ್ಲಿ ಫೋನನ್ನು ಸ್ಪೀಕರ್ ಪೆಟ್ಟಿಗೆಯ ಮುಂದೆ ಹಿಡಿದೆ. ಮೌನಿಕಾ ಹಾಡತೊಡಗಿದಳು. ಹೋದ ಸೆಪ್ಟೆಂಬರಿನಲ್ಲಿ ಡೆಂಗಿ ಜ್ವರಕ್ಕೆ ಕೊಟ್ಟುಬಿಟ್ಟ ನಮ್ಮ ಒಬ್ಬಳೇ ಮಗಳು, ಪ್ರತಿ ವಾರದಂತೆ, ಆ ಕಪ್ಪು ಪೆಟ್ಟಿಗೆಯೊಳಗಿಂದ. ಮೊದಮೊದಲು ಜನ ಅವಳ ಜೊತೆ ಹಾಡುತ್ತಿದ್ದರು, ನಿನಗೆ ನೆನಪಿರಬಹುದು. ಕ್ರಿಸ್ಮಸ್ ಹೊತ್ತಿಗೆ ಅವಳ ದನಿ ಮುಚ್ಚಿಹೋಗದಿರಲಿ ಎಂದು ತಗ್ಗಿಸಿ ಹಾಡಿದರು. ಈಸ್ಟರ್ ಹೊತ್ತಿಗೆ ಹಾಡುವುದನ್ನೇ ಬಿಟ್ಟು ಕೇಳುತ್ತ ನಿಂತರು. ಭಾನುವಾರವೂ ಹಾಗೆಯೇ ನಿಂತಿದ್ದರು. ಮೂರನೆಯ ಚರಣದಲ್ಲಿ, ಕರ್ತನ ಹೆಸರು ಬರುವ ಕಡೆಗೆ ಸರಿಯಾಗಿ ಕರೆಂಟ್ ಹೋಯಿತು.

ಆ ಹಾಡು ನಮ್ಮವರಿಗೆ ಅಜ್ಜಿಯಂದಿರ ಕಾಲದಿಂದ ಬಾಯಿಪಾಠ. ಉಳಿದ ಸಾಲು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಒಬ್ಬರೂ ಎತ್ತಿಕೊಳ್ಳಲಿಲ್ಲ. ರೊಟ್ಟಿ, ದ್ರಾಕ್ಷಾರಸದ ಮೇಲೆ ನೀನು ಅಂಚು ಹೊಲಿದುಕೊಟ್ಟ ಬಿಳಿ ಬಟ್ಟೆ ಹೊದಿಸಿತ್ತು, ಅದರ ಹಿಂದೆ ಗೋಡೆಯ ಮೇಲೆ ಶಿಲುಬೆ. ಯಾರ ಕಣ್ಣೂ ಅತ್ತ ಇರಲಿಲ್ಲ. ಎಲ್ಲರೂ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಬರುತ್ತೆ, ಸ್ವಲ್ಪ ತಡೀರಿ" ಎಂದರು ಪಾಸ್ಟರ್. ಏನು ಬರುತ್ತದೆಂದು ಅವರು ಹೇಳಬೇಕಾಗಿರಲಿಲ್ಲ. ದೇವರ ಮನೆಯಲ್ಲಿ, ಅವನ ಮೇಜು ಸಿದ್ಧವಾಗಿರುವಾಗ, ನಾವೆಲ್ಲ ಕೈ ಕಟ್ಟಿಕೊಂಡು ಕರೆಂಟಿಗಾಗಿ ಕಾದೆವು. ಫೋನಿನೊಳಗಿಂದ ನಿನ್ನ "ಹಲೋ, ಹಲೋ" ಕೇಳುತ್ತಿತ್ತು. ಆಗಲೇ ನಾನು ಕಟ್ ಮಾಡಿದ್ದು. ಕರೆಂಟ್ ಬಂತು. ಪೆಟ್ಟಿಗೆ ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡಿತು. ಇಡೀ ಸಭೆ ಒಟ್ಟಿಗೆ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅದರಲ್ಲಿ ನನ್ನ ಉಸಿರೂ ಇತ್ತು.

ಇಷ್ಟೇ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೇನೋ. ನಮ್ಮ ಬೀದಿಯ ಕೊನೆಯಲ್ಲಿ ಸೊಪ್ಪು ಮಾರುವ ವೀರಮ್ಮ ಗೊತ್ತಲ್ಲ, ಅವತ್ತು ಆಕೆಯೂ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. ಆರಾಧನೆ ಮುಗಿದು ನಾನು ವೈರು ಸುತ್ತುತ್ತಿದ್ದೆ. ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಮೇಲೆ ಒಂದು ಮೊಳ ಕನಕಾಂಬರ ಇಟ್ಟು, ಕೂಸಿನ ತಲೆಯನ್ನು ಅದಕ್ಕೆ ಮುಟ್ಟಿಸಿ, "ಮೌನಿಕವ್ವ, ಕೂಸಿಗೆ ಜ್ವರ ಇಳಿಸು ತಾಯಿ, ಬರೋ ವಾರ ನಿಂಗೆ ಕುಬುಸದ ಬಟ್ಟೆ ತರ್ತೀನಿ" ಅಂದಳು. ಜ್ವರ, ಸಲೋಮಿ. ನಮ್ಮ ಮಗುವನ್ನು ಒಯ್ದ ಜ್ವರವನ್ನು ಇಳಿಸು ಎಂದು ನಮ್ಮ ಮಗುವನ್ನೇ ಕೇಳಿದಳು. ರಕ್ತ ಪರೀಕ್ಷೆ ಮಾಡಿಸವ್ವ, ತಡ ಮಾಡಬೇಡ ಎಂದಷ್ಟೇ ಹೇಳಿದೆ. ಮಾಡಿಸಿದ್ದಾಳೆ, ಸಾಧಾರಣ ಜ್ವರ, ಇಳಿದೂ ಇಳಿದಿದೆ. ಆದರೆ ಇಳಿಸಿದ್ದು ಮೌನಿಕವ್ವ ಎಂದು ಸೊಪ್ಪು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಈ ಭಾನುವಾರ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾಳಂತೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಹೊಸ ಜಾಗಕ್ಕೆ ಬಂದವಳು ಅಲ್ಲಿಯವರು ಎತ್ತ ನೋಡಿ ಅಳುತ್ತಾರೋ ಅತ್ತ ಕೈ ಮುಗಿದಳು. ಅತ್ತ ನೋಡಲು ಕಲಿಸಿದವರು ನಾವು.

ಅಂದೇ ಹಿರಿಯರ ಸಭೆ ಕೂಡಿತು. ನನಗೆ ಒಂದು ಆಸೆಯಿತ್ತು, ಯಾರಾದರೂ ಆ ಮೌನದ ಬಗ್ಗೆ ಮಾತೆತ್ತಲಿ ಎಂದು. ಜ್ಞಾನಪ್ಪನವರು ಕುರ್ಚಿ ಎಳೆದು, "ಬರ್ರಿ ಕರುಣಣ್ಣ, ಕುಂತ್ಕಳ್ರಿ. ಊರಿನ ಮೋಟ್ರಿಗೆಲ್ಲ ಜೀವ ಕೊಡ್ತೀರ, ನಮ್ಮ ದೇವಾಲಯಕ್ಕೊಂದು ಇನ್ವರ್ಟರ್ ಹಾಕಿಕೊಡಕಾಗಲ್ವೆ? ಮಗಳು ನಡು ಹಾಡ್ನಾಗೆ ನಿಲ್ಲಬಾರ್ದು ಕಣ್ರಿ" ಅಂದರು. ಹೇಳುತ್ತ ಅವರ ಕಣ್ಣು ತುಂಬಿತು. ಎಲ್ಲರೂ ಹೂಂ ಅಂದರು. ಬ್ಯಾಟರಿ ಈಗಾಗಲೇ ಬಂದಿದೆ. ಶನಿವಾರ ನಾನು ವೈರಿಂಗ್ ಮಾಡಬೇಕು. ಅವರ ಪ್ರೀತಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅದಕ್ಕೇ ನನಗೆ ಭಯವಾದದ್ದು. ಇನ್ನು ಮೇಲೆ ಅವಳು ನಿಲ್ಲುವುದೇ ಇಲ್ಲ.

ಇದು ಶುರುವಾದ ದಿನ ನೀನು ಏನು ಹೇಳಿದೆ ಎಂಬುದು ನನಗೆ ನೆನಪಿದೆ, ಅದನ್ನು ತಪ್ಪೆಂದು ಯಾವತ್ತೂ ಎಣಿಸಿಲ್ಲ. ಮಣ್ಣು ಮಾಡಿದ ಮೇಲಿನ ಮೊದಲ ಭಾನುವಾರ. ಹಾಡುವ ಹೊತ್ತು ಬಂತು, ಹಾಡಲು ಯಾರಿಂದಲೂ ಆಗಲಿಲ್ಲ. ನೀನು ನನ್ನ ತೋಳು ಹಿಡಿದು "ಇವತ್ತೊಂದು ದಿನ ನನ್ನ ಕೂಸೇ ಹಾಡ್ಲಿ ರೀ" ಅಂದೆ. ಆ ಒಂದು ದಿನ ಸರಿಯಾಗಿತ್ತು. ಈಗ ನನ್ನ ವಿಷಯವನ್ನೇ ಹೇಳುತ್ತೇನೆ. ಹಾಡು ಮುಗಿದ ಕೂಡಲೇ ನನಗೆ ಆರಾಧನೆ ಮುಗಿದುಹೋಗುತ್ತದೆ. ರೊಟ್ಟಿಯ ತುಂಡು ನಾಲಿಗೆಯ ಮೇಲಿರುವಾಗ ನಾನು ಮುಂದಿನ ಭಾನುವಾರಕ್ಕೆ ಕಾಯುತ್ತಿರುತ್ತೇನೆ, ಅವಳ ದನಿಗೆ. ಯಾರಿಗಾಗಿ ಆ ಮೇಜು ಹಾಕಿದೆಯೋ ಅವನ ನೆನಪು ನನಗೆ ಎಷ್ಟೋ ತಿಂಗಳಿಂದ ಬಂದಿಲ್ಲ. ಅವಳನ್ನು ಅವನ ಕೈಗೆ ಒಪ್ಪಿಸಿದೆವು ಎಂದು ಸಮಾಧಿಯ ಬಳಿ ಹೇಳಿದೆವು. ಒಪ್ಪಿಸಿಲ್ಲ ಸಲೋಮಿ. ವಾರಕ್ಕೊಮ್ಮೆ ವಾಪಸು ಕರೆಸಿಕೊಳ್ಳುತ್ತಿದ್ದೇವೆ, ಅದೂ ಅವನ ಮನೆಗೇ.

ಅವಳು ಹಾಡುವಾಗ ಎಲ್ಲಿ ನಿಲ್ಲುತ್ತಿದ್ದಳು, ಜ್ಞಾಪಕ ಮಾಡಿಕೋ. ಕಂಬದ ಮರೆಯಲ್ಲಿ. ಮುಂದೆ ಬಾರಮ್ಮ ಎಂದು ಪಾಸ್ಟರ್ ಎಷ್ಟು ಕರೆದರೂ ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ನೀನು ಬೈದರೆ, "ಮುಂದೆ ನಿಂತ್ರೆ ಎಲ್ರೂ ನನ್ನ ಚೂಡಿದಾರ ನೋಡ್ತಾರಮ್ಮ, ಶಿಲುಬೆ ಯಾರು ನೋಡ್ತಾರೆ?" ಅನ್ನುತ್ತಿದ್ದಳು. ನಾವು ನಕ್ಕುಬಿಟ್ಟೆವು. ಹಾಗೆ ಮರೆಗೆ ನಿಂತವಳನ್ನು ಹೂವು ಹಾಕಿ ಮುಂದೆ ಕೂರಿಸಿದ್ದೇವೆ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಶನಿವಾರ ಇನ್ವರ್ಟರಿನಿಂದ ದೀಪ, ಫ್ಯಾನಿಗೆ ಲೈನು ಕೊಡುತ್ತೇನೆ, ಪೆಟ್ಟಿಗೆಗೆ ಕೊಡುವುದಿಲ್ಲ. ಸಂಜೆ ಪಾಸ್ಟರ್ ಮನೆಗೆ ಹೋಗಿ ಕಾರಣ ಹೇಳುತ್ತೇನೆ. ಭಾನುವಾರ ಪೆನ್‌ಡ್ರೈವ್ ತೆಗೆದುಕೊಂಡು ಹೋಗುವುದಿಲ್ಲ. ಕಾಣಿಕೆ ಮುಗಿದ ಮೇಲೆ ಆ ಹಾಡನ್ನು ನಾನೇ ಎತ್ತಿಕೊಡುತ್ತೇನೆ. "ಅಪ್ಪಾ, ನಿನ್ನ ರಾಗ ಬೇರಿಂಗ್ ಹೋದ ಮೋಟ್ರು ಥರ ಐತೆ, ಮೈಕಿಂದ ದೂರ ನಿಂತ್ಕ" ಎಂದು ಅವಳು ಹೇಳಿದ್ದು ನೆನಪಿದೆ. ದೂರವೇ ನಿಲ್ಲುತ್ತೇನೆ. ಜನ ಜೊತೆಗೂಡಿದರೆ ಹಾಡಾಗುತ್ತದೆ. ಕೂಡದಿದ್ದರೆ ಮೂರು ಚರಣವನ್ನೂ ಒಬ್ಬನೇ ಮುಗಿಸುತ್ತೇನೆ. ಹೆತ್ತ ಮಗಳ ದನಿ ಅಡಗಿಸಿದ ಕಲ್ಲೆದೆಯವನು ಎಂದು ಯಾರಾದರೂ ಅನ್ನಬಹುದು. ಅನ್ನಲಿ. ನೀನು ಹಾಗೆ ಅಂದರೆ ಮಾತ್ರ ತಡೆದುಕೊಳ್ಳಲು ಕಷ್ಟವಾಗುತ್ತದೆ. ಇನ್ನೂ ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ಆ ಹೊತ್ತಿಗೆ ಫೋನು ಮಾಡಿದರೆ ಎತ್ತಿ ಹಿಡಿಯುತ್ತೇನೆ, ಪೆಟ್ಟಿಗೆಯ ಕಡೆಗಲ್ಲ, ಜನರ ಕಡೆಗೆ. ನೀನು ಮಾಡದಿದ್ದರೂ ನನಗೆ ಅರ್ಥವಾಗುತ್ತದೆ.

ಅತ್ತೆಯವರಿಗೆ ನನ್ನ ವಂದನೆ ತಿಳಿಸು. ಅವರ ಮಾತ್ರೆ ಮುಗಿಯುತ್ತ ಬಂದಿದ್ದರೆ ಚೀಟಿ ನಿರಂಜನ್ ಕೈಲಿ ಕಳಿಸು, ಇಲ್ಲಿಂದ ಕೊಂಡು ಕಳಿಸುತ್ತೇನೆ. ನಮ್ಮಿಬ್ಬರ ಮನಸ್ಸು ಬಲ್ಲ ಕರ್ತನು ಆ ಮನೆಯಲ್ಲಿ ನಿನ್ನನ್ನೂ ಈ ಮನೆಯಲ್ಲಿ ನನ್ನನ್ನೂ ಕಾಯಲಿ.

ನಿನ್ನ
ಕರುಣಾಕರ

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಆ ಹಾಡನ್ನು ಖಾಲಿ ದೇವಾಲಯದಲ್ಲಿ ಮೈಕ್ ಪರೀಕ್ಷೆ ಮಾಡುವಾಗ ನಾನೇ ರೆಕಾರ್ಡ್ ಮಾಡಿದ್ದು. ಹಾಡು ಮುಗಿದ ಮೇಲೂ ಅದರಲ್ಲಿ ಸ್ವಲ್ಪ ಉಳಿದಿದೆ. ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಪ್ರತಿ ಭಾನುವಾರ ಅದು ಬರುವ ಮುಂಚೆ ನಾನು ಗುಂಡಿ ಒತ್ತಿಬಿಡುತ್ತೇನೆ. ಕೊನೆಯ ಸಾಲಾದ ಮೇಲೆ ಅವಳು ನೀರು ಕುಡಿಯುವ ಸದ್ದು ಬರುತ್ತದೆ. ಆಮೇಲೆ, "ಮುಗೀತಪ್ಪ. ಸಾಕು, ನಿಲ್ಸು ಇನ್ನ. ಮನೆಗೆ ಹೋಗಾಣ." ಪೆನ್‌ಡ್ರೈವ್ ನಿನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತೇನೆ. ಅಳಿಸುವುದಿಲ್ಲ. ನೀನು ಬಂದ ಮೇಲೆ ಇಬ್ಬರೇ ಕೂತು ಕೊನೆಯವರೆಗೂ ಕೇಳೋಣ. ಈ ಭಾನುವಾರ ಅವಳು ಹೇಳಿದ ಹಾಗೆ ಮಾಡುತ್ತೇನೆ.