ಚರಿತ್ರೆ ಓದಿ ಕೇಳಿದ ಪ್ರಶ್ನೆ

ಭಾವನವರಿಗೆ ನಮಸ್ಕಾರ.

ನಾನು ಇಲ್ಲಿಗೆ ಹೊರಡುವ ಮುಂಚೆ ನೀವು ಓದಿಸಿದ ಈ ದೇಶದ ಚರಿತ್ರೆಯಲ್ಲಿ, ಯುದ್ಧ ಮುಗಿದ ಮೇಲೆ ಎರಡೂ ಕಡೆಯವರು ರಾಜಿಯಾದರು ಎಂದಿತ್ತಲ್ಲ. ನಾನು ಕೆಲಸಕ್ಕಿರುವ ಹೊಲಿಗೆ ಅಂಗಡಿಯಲ್ಲಿ, ಆ ಯುದ್ಧದಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಇದ್ದ ಇಬ್ಬರು ಮುದುಕರು ಒಂದೇ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಾರೆ, ಮಾತು ಮಾತ್ರ ಇಲ್ಲ. ಇವತ್ತು ಅವರಲ್ಲಿ ಹಿರಿಯರನ್ನು ಕೇಳಿಬಿಟ್ಟೆ: "ತಾತ, ಯುದ್ಧ ಆದ್ಮೇಲೆ ಎಲ್ರೂ ರಾಜಿ ಆದ್ರಂತೆ, ಹೌದಾ?"

"ಅವನನ್ನೇ ಕೇಳು. ನನ್ನ ತಮ್ಮನ್ನ ಎಲ್ಲಿ ಹೂತ್ರು ಅಂತ ಅವನಿಗೆ ಗೊತ್ತು, ಬಾಯಿ ಬಿಡಲ್ಲ."

ಇನ್ನೊಬ್ಬರು ಸೂಜಿ ಇಟ್ಟು, "ಕೋಟು ಹಾಕ್ಕೋ, ತೋರಿಸ್ತೀನಿ" ಎಂದರು.

ಆಗ ಹೋದವರು ಇನ್ನೂ ಬಂದಿಲ್ಲ. ಹಿರಿಯರ ಕತ್ತರಿಯೂ ಮೇಜಿನ ಮೇಲಿಲ್ಲ. ಬರೆಯುತ್ತಲೇ ಬಾಗಿಲ ಕಡೆ ನೋಡುತ್ತಿದ್ದೇನೆ.

ನನ್ನ ಕೆಮ್ಮು ವಾಸಿಯಾಗಿದೆ ಎಂದು ಅಕ್ಕನಿಗೆ ಹೇಳಿ.

ಅಗೋ, ಇಬ್ಬರೂ ಬಂದರು. ಬೂಟಿಗೆಲ್ಲ ಮಣ್ಣು ಮೆತ್ತಿದೆ. ಅಳುತ್ತಿರುವವರು ಹಿರಿಯರಲ್ಲ, ಇನ್ನೊಬ್ಬರು. ನೀರು ಕೊಡಬೇಕು.

ನಿಮ್ಮ ಬಾಮೈದ