ಇವತ್ತು ಡಾಕ್ಟರ ಹತ್ತಿರ ನೀವೊಬ್ಬರೇ

ರೀ,

ಅತ್ತೆಯನ್ನು ಪಲ್ಲಾವರಂ ಸಂತೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಏಳೂವರೆಯೊಳಗೆ ಬರುವುದಿಲ್ಲ. ಡಾಕ್ಟರು ಆರಕ್ಕೆ ಬರಹೇಳಿದ್ದಾರೆ, ನೀವೊಬ್ಬರೇ ಹೋಗಿ.

ಹೋದ ತಿಂಗಳು ಅವರು "ಮಾತ್ರೆಯಿಂದ ಏನಾದರೂ ತೊಂದರೆ?" ಎಂದಾಗ, ಅತ್ತೆ ಪಕ್ಕದಲ್ಲಿದ್ದರೆಂದು "ಸ್ವಲ್ಪ ಗ್ಯಾಸು" ಎಂದಿರಿ. ಗ್ಯಾಸಿಗೂ ಒಂದು ಮಾತ್ರೆ ಬಂತು, ಅಷ್ಟೇ.

ಮನಸ್ಸಿನ ಮಾತ್ರೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಹೆಚ್ಚಿಗೆ ಉಳಿದಿವೆ. ನನಗೋಸ್ಕರ ನುಂಗುವುದನ್ನು ಬಿಟ್ಟಿದ್ದರೆ, ದಯವಿಟ್ಟು ಬೇಡ. ಜನವರಿಯಲ್ಲಿ ನೀವು ಹಲ್ಲುಜ್ಜಲೂ ಏಳುತ್ತಿರಲಿಲ್ಲ. ಈಗ ಬಚ್ಚಲಲ್ಲಿ ಹಾಡುತ್ತೀರಿ, ಶ್ರುತಿ ಇಲ್ಲದೆ. ಆ ಹಾಡು ನನಗೆ ಬೇಕು. ಇನ್ನೊಂದೂ ಬೇಕು, ಸುಳ್ಳು ಹೇಳುವುದಿಲ್ಲ.

ನಾಲ್ಕು ದಿನ ನುಂಗಿಲ್ಲ ಎಂಬುದನ್ನು ಮೊದಲು ಹೇಳಿ. ಆಮೇಲೆ, "ಮಾತ್ರೆ ಶುರುವಾದ ಮೂರನೇ ವಾರದಿಂದ ಹೆಂಡತಿಯ ಹತ್ತಿರ ಹೋಗುವ ಆಸೆಯೇ ಇಲ್ಲ" ಎನ್ನಿ. ಇದು ಬಹಳ ಜನಕ್ಕೆ ಆಗುತ್ತದಂತೆ. ಪ್ರಮಾಣ ತಗ್ಗಿಸುವುದೋ, ಬೇರೆ ಮಾತ್ರೆ ಕೊಡುವುದೋ ಅವರು ನೋಡುತ್ತಾರೆ, ನೀವಾಗಿ ನಿಲ್ಲಿಸಬಾರದು. ಅವರ ಕ್ಲಿನಿಕ್ಕಿಗೇ ಹೆಸರು ಹೇಳದೆ ಫೋನು ಮಾಡಿ ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ.

ಈ ಚೀಟಿಯ ಹಿಂದೆ ಇದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದೇನೆ, ನಾಚಿಕೆಯಾದರೆ ಅವರ ಮುಂದಿಡಿ. ವಾಪಸು ಬಂದು ಮೇಜಿನ ಮೇಲೆ ಮಾತ್ರ ಬಿಡಬೇಡಿ. ಅತ್ತೆ ಕನ್ನಡಕವಿಲ್ಲದೆಯೂ ನನ್ನ ಅಕ್ಷರ ಓದುತ್ತಾರೆ.

ಬೃಂದಾ